ಬೋಗಾದಿಯ ಕಸ ಯಾರ ಊರಿಗೆ?

ಮೈಸೂರಿನ ಪಶ್ಚಿಮ ಅಂಚಿನಲ್ಲಿರುವ ಬೋಗಾದಿಯನ್ನು ಇಪ್ಪತ್ತೈದು ವರ್ಷಗಳ ಹಿಂದೆ ಕಂಡವರು ಇಂದು ಅಲ್ಲಿಗೆ ಹೋದರೆ ದಾರಿ ತಪ್ಪುವ ಸಾಧ್ಯತೆಯೇ ಹೆಚ್ಚು. ಮಾನಸಗಂಗೋತ್ರಿಯ ಮರಗಳ ಸಾಲು ಮುಗಿಯುತ್ತಿದ್ದಂತೆ ಹೊಲಗಳು ಆರಂಭವಾಗುತ್ತಿದ್ದ ಕಾಲ ಒಂದಿತ್ತು. ಈಗ ವರ್ತುಲ ರಸ್ತೆಯನ್ನೂ ದಾಟಿ ಬಡಾವಣೆಗಳು ಹಬ್ಬಿವೆ. ಗ್ರಾಮ ಪಂಚಾಯಿತಿಯಾಗಿದ್ದ ಬೋಗಾದಿ 2020ರ ಕೊನೆಯಲ್ಲಿ ಪಟ್ಟಣ ಪಂಚಾಯಿತಿಯಾಯಿತು. ಹೂಟಗಳ್ಳಿ ನಗರಸಭೆಯನ್ನೂ ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿಗಳನ್ನೂ ಒಟ್ಟುಗೂಡಿಸಿ ಬೃಹತ್ ಮೈಸೂರನ್ನು ಕಟ್ಟುವ ಯೋಜನೆಯಲ್ಲಿ ಅದರ ಹೆಸರೂ ಸೇರಿದೆ. ರಸ್ತೆ ಬೇಕು, ಕುಡಿಯುವ ನೀರು ಬೇಕು, ಒಳಚರಂಡಿ ಬೇಕು ಎಂಬ ಬೇಡಿಕೆಗಳು ಸಹಜವಾಗಿಯೇ ಕೇಳಿಬರುತ್ತಿವೆ. ಆದರೆ ಯಾರೂ ಗಟ್ಟಿಯಾಗಿ ಕೇಳದ ಪ್ರಶ್ನೆಯೊಂದಿದೆ: ಇಷ್ಟೊಂದು ಮನೆಗಳಿಂದ ಬೆಳಗ್ಗೆ ಹೊರಬೀಳುವ ಕಸ ಸಂಜೆಯ ಹೊತ್ತಿಗೆ ಎಲ್ಲಿರುತ್ತದೆ?

ಈ ಪ್ರಶ್ನೆಗೆ ಸಿಗುವ ಒಂದು ಉತ್ತರ ವರ್ತುಲ ರಸ್ತೆಯ ಇಕ್ಕೆಲಗಳಲ್ಲೇ ಬಿದ್ದಿದೆ. ಕಟ್ಟಡದ ಅವಶೇಷ, ಹೊಟೇಲಿನ ಎಂಜಲು, ಕೋಳಿ ಅಂಗಡಿಯ ತ್ಯಾಜ್ಯ, ಹಳೆಯ ಹಾಸಿಗೆ ಎಲ್ಲವೂ ಅಲ್ಲಿ ಸಿಗುತ್ತವೆ. ಇದರ ಬಗ್ಗೆ ಪತ್ರಿಕೆಗಳು ವರ್ಷಗಳಿಂದ ಬರೆಯುತ್ತಲೇ ಇವೆ. ಅಧಿಕಾರಿಗಳು ಆಗೊಮ್ಮೆ ಈಗೊಮ್ಮೆ ಸ್ವಚ್ಛತಾ ಅಭಿಯಾನ ನಡೆಸುತ್ತಾರೆ, ಛಾಯಾಚಿತ್ರ ತೆಗೆಸಿಕೊಳ್ಳುತ್ತಾರೆ. ಕೆಲವೇ ದಿನಗಳಲ್ಲಿ ರಾಶಿಗಳು ಮತ್ತೆ ತಲೆಯೆತ್ತುತ್ತವೆ. ಜನರಿಗೆ ನಾಗರಿಕ ಪ್ರಜ್ಞೆಯಿಲ್ಲ ಎಂದು ದೂರಿ ಕೈತೊಳೆದುಕೊಳ್ಳುವುದು ಸುಲಭ. ನಿಜವೇ, ಪ್ರಜ್ಞೆಯ ಕೊರತೆಯಿದೆ. ಆದರೆ ಕಸವನ್ನು ಕೊಂಡೊಯ್ದು ಒಪ್ಪಿಸಲು ಹತ್ತಿರದಲ್ಲಿ ಗೊತ್ತಾದ ಸ್ಥಳವೇ ಇಲ್ಲದಾಗ ಎಂಥ ಪ್ರಜ್ಞಾವಂತನೂ ಎಷ್ಟು ದಿನ ಹಳೆಯ ಹಾಸಿಗೆಯನ್ನು ಮನೆಯಲ್ಲಿಟ್ಟುಕೊಂಡು ಕಾಯಬಲ್ಲ?

ಮೈಸೂರಿನಲ್ಲಿ ಇಂಥ ಸ್ಥಿತಿ ಇರುವುದು ಒಂದು ವಿಪರ್ಯಾಸ. ಕೇಂದ್ರ ಸರಕಾರದ ಸ್ವಚ್ಛತಾ ಸಮೀಕ್ಷೆಯಲ್ಲಿ 2015ರಲ್ಲಿ 476 ನಗರಗಳ ಪೈಕಿ ಮೊದಲ ಸ್ಥಾನ ಪಡೆದದ್ದು ಮೈಸೂರು. 2016ರಲ್ಲಿ 73 ನಗರಗಳ ನಡುವೆ ಮತ್ತೆ ಅದೇ ಮೊದಲು. 2017ರಿಂದ ಆ ಸ್ಥಾನ ಇಂದೋರಿನ ಪಾಲಾಯಿತು. ಮೈಸೂರು ಮೇಲಿನ ಪಂಕ್ತಿಯಿಂದ ಪೂರ್ತಿಯಾಗಿ ಇಳಿದಿಲ್ಲ ಎಂಬುದೂ ಅಷ್ಟೇ ಸತ್ಯ. ಸ್ವಚ್ಛತೆಯ ವಿಷಯದಲ್ಲಿ ಈ ನಗರಕ್ಕೆ ದೀರ್ಘ ಚರಿತ್ರೆಯೇ ಇದೆ. 1898ರ ಪ್ಲೇಗ್ ಮೈಸೂರು ಸಂಸ್ಥಾನವನ್ನು ನಡುಗಿಸಿದ ಬಳಿಕ, 1903ರಲ್ಲಿ ಇಲ್ಲಿ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿ ಸ್ಥಾಪನೆಯಾಯಿತು. ಗಾಳಿ ಬೆಳಕು ಬರುವಂತೆ ಮೊಹಲ್ಲಾಗಳನ್ನು ರೂಪಿಸಲಾಯಿತು. ಹಳೆಯ ಬಡಾವಣೆಗಳ ಮನೆಗಳ ಹಿಂಬದಿಯಲ್ಲಿ ಇಂದಿಗೂ ಕಾಣಸಿಗುವ ಕನ್ಸರ್ವೆನ್ಸಿ ಓಣಿಗಳು ಅಂಥ ಯೋಜನೆಯ ಕುರುಹುಗಳು. ಮನೆ ಕಟ್ಟುವ ಮೊದಲೇ ಹೊಲಸು ಹೋಗುವ ದಾರಿಯನ್ನು ಯೋಚಿಸಿದ್ದರು ಎಂಬುದು ಅದರಿಂದ ಗೊತ್ತಾಗುತ್ತದೆ. ಆ ಓಣಿಯಲ್ಲಿ ತಲೆಯ ಮೇಲೆ ಮಲ ಹೊತ್ತು ನಡೆದವನು ದಲಿತನಾಗಿದ್ದ ಎಂಬುದನ್ನೂ ಮರೆಯಬಾರದು. ಆ ಪದ್ಧತಿಗೆ ರಾಜ್ಯದಲ್ಲಿ ನಿಷೇಧ ಬರಲು 1970ರ ದಶಕದಲ್ಲಿ ಬಿ. ಬಸವಲಿಂಗಪ್ಪನಂಥವರು ಸಚಿವರಾಗಬೇಕಾಯಿತು. ನಗರದ ಅಂದಕ್ಕೆ ನಾವು ಹೆಮ್ಮೆಪಡುವಾಗ ಈ ಎರಡೂ ಸಂಗತಿಗಳು ಒಟ್ಟಿಗೆ ನೆನಪಿನಲ್ಲಿರಬೇಕು.

ಇಷ್ಟಕ್ಕೂ ಮೈಸೂರಿನ ಕಸ ಇಷ್ಟು ಕಾಲ ಎಲ್ಲಿಗೆ ಹೋಗುತ್ತಿತ್ತು? ದಿನಕ್ಕೆ ಸುಮಾರು 500 ಟನ್ ಕಸ ಉತ್ಪತ್ತಿಯಾಗುವ ಈ ನಗರದ ಬಹುಪಾಲು ಹೊರೆ ಬಿದ್ದದ್ದು ವಿದ್ಯಾರಣ್ಯಪುರಂನ ಸೂಯೇಜ್ ಫಾರ್ಮ್ ಮೇಲೆ. ಅಲ್ಲಿ 2000ದ ದಶಕದ ಆರಂಭದಲ್ಲಿ ಏಷ್ಯಾ ಅಭಿವೃದ್ಧಿ ಬ್ಯಾಂಕಿನ ನೆರವಿನಿಂದ ಗೊಬ್ಬರ ತಯಾರಿಕಾ ಘಟಕವೊಂದು ಆರಂಭವಾಯಿತು. ಅದರ ಸಾಮರ್ಥ್ಯ ದಿನಕ್ಕೆ 200 ಟನ್. ಬರುವ ಕಸ ಅದಕ್ಕಿಂತ ಬಹಳ ಹೆಚ್ಚು. ಜೊತೆಗೆ ಬರುತ್ತಿದ್ದುದರಲ್ಲಿ ಹಸಿಕಸ, ಪ್ಲಾಸ್ಟಿಕ್, ಗಾಜು ಎಲ್ಲವೂ ಬೆರೆತಿತ್ತು. ಉಳಿದದ್ದು ಅಲ್ಲೇ ಬೆಟ್ಟವಾಗಿ ಬೆಳೆಯಿತು. ಹಲವು ಲಕ್ಷ ಟನ್ನುಗಳ ಆ ರಾಶಿಗೆ ಬೇಸಿಗೆಯಲ್ಲಿ ಬೆಂಕಿ ಬೀಳುವುದು, ಹೊಗೆ ಸುತ್ತಲಿನ ಬಡಾವಣೆಗಳನ್ನು ಆವರಿಸುವುದು, ಜನರು ಬೀದಿಗಿಳಿಯುವುದು ವರ್ಷ ವರ್ಷವೂ ನಡೆದು ಬಂತು. ಹಳೆಯ ಕಸವನ್ನು ಅಗೆದು, ಜರಡಿ ಹಿಡಿದು, ಮಣ್ಣನ್ನೂ ಪ್ಲಾಸ್ಟಿಕ್ಕನ್ನೂ ಬೇರ್ಪಡಿಸಿ ಜಾಗ ಖಾಲಿ ಮಾಡುವ ಕಾರ್ಯಕ್ಕೆ 2021ರ ಅಕ್ಟೋಬರಿನಲ್ಲಿ ಆರಂಭವಾದ ಸ್ವಚ್ಛ ಭಾರತ ಅಭಿಯಾನದ ಎರಡನೆಯ ಹಂತದಲ್ಲಿ ದೇಶದೆಲ್ಲೆಡೆ ಒತ್ತು ನೀಡಲಾಯಿತು. ಮೈಸೂರೂ ಅದನ್ನು ಕೈಗೆತ್ತಿಕೊಂಡಿತು. ಇಪ್ಪತ್ತು ವರ್ಷ ಬೆರೆಸಿ ಸುರಿದದ್ದನ್ನು ಕೋಟಿಗಟ್ಟಲೆ ರೂಪಾಯಿ ವ್ಯಯಿಸಿ ಮತ್ತೆ ಬೇರ್ಪಡಿಸಬೇಕಾಗಿ ಬಂದಿರುವ ಈ ಸ್ಥಿತಿಯಿಂದ ಆಡಳಿತ ಏನು ಕಲಿತಿದೆ?

ಆಡಳಿತದ ಉತ್ತರ ಕೆಸರೆ ಮತ್ತು ರಾಯನಕೆರೆ. ವಿದ್ಯಾರಣ್ಯಪುರಂನ ಹೊರೆ ಇಳಿಸಲು ಈ ಎರಡು ಕಡೆಗಳಲ್ಲಿ ಹೊಸ ದೊಡ್ಡ ಘಟಕಗಳನ್ನು ಸ್ಥಾಪಿಸುವ ಯೋಜನೆ ರೂಪುಗೊಂಡಿತು. ಒಂದೇ ಕಡೆ ಸುರಿಯುವುದಕ್ಕಿಂತ ಮೂರು ಕಡೆ ಸಂಸ್ಕರಿಸುವುದು ಮೇಲು. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ನಕ್ಷೆಯನ್ನು ಎದುರಿಗಿಟ್ಟುಕೊಂಡು ನೋಡಿದರೆ ಒಂದು ಸಂಗತಿ ಕಣ್ಣಿಗೆ ಹೊಡೆಯುತ್ತದೆ. ಕೆಸರೆ ಇರುವುದು ನಗರದ ಈಶಾನ್ಯ ದಿಕ್ಕಿನಲ್ಲಿ. ಅದರ ಆಸುಪಾಸಿನಲ್ಲಿರುವುದು ರಾಜೀವನಗರ, ಶಾಂತಿನಗರ, ಗೌಸಿಯಾನಗರಗಳಂಥ ಒತ್ತೊತ್ತಾದ, ಶ್ರಮಜೀವಿಗಳ ವಸತಿಗಳು. ರಾಯನಕೆರೆಯಲ್ಲಿ ಗ್ರಾಮಸ್ಥರು ಘಟಕಕ್ಕೆ ವಿರೋಧ ವ್ಯಕ್ತಪಡಿಸಿದ್ದಾರೆ. ಕಸವನ್ನು ಹೆಚ್ಚು ಉತ್ಪಾದಿಸುವುದು ಯಾವ ಬಡಾವಣೆ? ಬಾಗಿಲಿಗೆ ದಿನಕ್ಕೆ ಎರಡು ಪಾರ್ಸೆಲ್ ತರಿಸಿಕೊಳ್ಳುವ ಮನೆಯೇ, ಗೋಣಿಚೀಲವನ್ನೂ ತೊಳೆದು ಮರುಬಳಕೆ ಮಾಡುವ ಮನೆಯೇ? ಹೆಚ್ಚು ಉತ್ಪಾದಿಸುವವನಿಗೆ ಕಣ್ಮರೆ, ಕಡಿಮೆ ಉತ್ಪಾದಿಸುವವನಿಗೆ ದುರ್ವಾಸನೆ ಎಂಬ ಈ ಹಂಚಿಕೆಯನ್ನು ಯಾವ ನ್ಯಾಯದಡಿಯಲ್ಲಿ ಸಮರ್ಥಿಸುವುದು?

ಇದು ಮೈಸೂರೊಂದರ ಕತೆಯಲ್ಲ. ಬೆಂಗಳೂರಿನ ಕಸವನ್ನು ಹೊತ್ತು ಸುಸ್ತಾದ ಮಾವಳ್ಳಿಪುರದಲ್ಲಿ 2012ರಲ್ಲಿ ಬಾಗಿಲು ಮುಚ್ಚಿತು. ಮಂಡೂರಿನವರು ಹೋರಾಡಿ 2014ರ ಕೊನೆಗೆ ಲಾರಿಗಳನ್ನು ನಿಲ್ಲಿಸಿದರು. ಇನ್ನು ಮಂಗಳೂರಿನ ಪಚ್ಚನಾಡಿಯನ್ನು ಕರಾವಳಿಯ ಓದುಗರಿಗೆ ನೆನಪಿಸಬೇಕಾಗಿಲ್ಲ. 2019ರ ಆಗಸ್ಟ್ ತಿಂಗಳಿನ ಮಳೆಗೆ ಅಲ್ಲಿನ ಕಸದ ಗುಡ್ಡ ಜರುಗಿ ಕೆಳಗಿನ ಮಂದಾರ ಪ್ರದೇಶಕ್ಕೆ ನುಗ್ಗಿತು. ತೆಂಗು ಕಂಗಿನ ತೋಟಗಳು ಮುಚ್ಚಿಹೋದವು. ಇಪ್ಪತ್ತಕ್ಕೂ ಹೆಚ್ಚು ಕುಟುಂಬಗಳು ಹುಟ್ಟಿದ ಮನೆ ಬಿಟ್ಟು ಹೋಗಬೇಕಾಯಿತು. ಆ ಕುಟುಂಬಗಳ ಸ್ವಂತ ಕಸ ಆ ಗುಡ್ಡದಲ್ಲಿ ಎಷ್ಟಿದ್ದೀತು? ಒಂದು ಬುಟ್ಟಿ? ಎರಡು? ತಾನು ಎಸೆಯದ ಕಸದಡಿಯಲ್ಲಿ ತೋಟ ಕಳೆದುಕೊಂಡವನಿಗೆ ಪರಿಹಾರದ ಚೆಕ್ಕು ನೀಡಿ ಸುಮ್ಮನಾಗುವ ನಾಗರಿಕತೆಯನ್ನು ನಾವು ಕಟ್ಟಿಕೊಂಡಿದ್ದೇವೆ.

ಹಾಗಾದರೆ ಬೇರೆ ದಾರಿಯಿಲ್ಲವೇ? ಇದೆ. ಅದು ಇರುವುದು ಮೈಸೂರಿನಲ್ಲೇ, ಬೋಗಾದಿಯಿಂದ ಕೆಲವೇ ಕಿಲೋಮೀಟರ್ ದೂರದ ಕುಂಬಾರಕೊಪ್ಪಲಿನಲ್ಲಿ. 2010ರ ದಶಕದ ಆರಂಭದಲ್ಲಿ ನಾಗರಿಕರ ಒಕ್ಕೂಟವೊಂದರ ಮುತುವರ್ಜಿಯಿಂದ ಅಲ್ಲಿ ಶೂನ್ಯ ತ್ಯಾಜ್ಯ ಘಟಕವೊಂದು ಬೆಳೆಯಿತು. ಸುತ್ತಲಿನ ಮನೆಗಳಿಂದ ಕಸ ಬರುತ್ತದೆ. ಅದನ್ನು ಕೈಯಿಂದಲೇ ವಿಂಗಡಿಸುತ್ತಾರೆ. ಹಸಿಕಸ ಗೊಬ್ಬರವಾಗಿ ರೈತನಿಗೆ ಮಾರಾಟವಾಗುತ್ತದೆ. ಬಾಟಲಿ, ರಟ್ಟು, ಚಪ್ಪಲಿ, ತೆಂಗಿನ ಚಿಪ್ಪು, ಹಾಲಿನ ಕವರು ಒಂದೊಂದೂ ಪ್ರತ್ಯೇಕ ರಾಶಿಯಾಗಿ ಗುಜರಿಗೆ ಹೋಗುತ್ತವೆ. ಆ ಹಣದಿಂದಲೇ ಅಲ್ಲಿ ದುಡಿಯುವವರ ಕೂಲಿಯ ಒಂದು ಪಾಲು ಹುಟ್ಟುತ್ತದೆ. ಬೇರೆ ಬೇರೆ ಊರುಗಳಿಂದ ಜನಪ್ರತಿನಿಧಿಗಳು, ಅಧಿಕಾರಿಗಳು ಬಂದು ನೋಡಿ ಹೋದರು. ಮೈಸೂರಿನ ಹಲವು ವಲಯಗಳಲ್ಲಿ ಅಂಥದ್ದೇ ಘಟಕಗಳು ಆರಂಭವಾದವು. ಸಮೀಕ್ಷೆಯಲ್ಲಿ ಮೈಸೂರಿಗೆ ಮೊದಲ ಸ್ಥಾನ ತಂದುಕೊಟ್ಟ ಸಂಗತಿಗಳಲ್ಲಿ ಇದೂ ಒಂದು.

ಈಗಿನ ಸಮಸ್ಯೆಯೆಂದರೆ, ಇಂಥ ಸಣ್ಣ ಘಟಕಗಳಿಗೆ ವಯಸ್ಸಾಗಿದೆ. ಹತ್ತು ಹನ್ನೆರಡು ವರ್ಷ ಕಸದ ನಡುವೆ ನಿಂತ ಯಾವ ಕಟ್ಟಡಕ್ಕೂ ಏನಾಗುತ್ತದೆಂದು ಊಹಿಸುವುದು ಕಷ್ಟವಲ್ಲ. ಕಸದಿಂದ ಒಸರುವ ಕಪ್ಪು ನೀರು ಆಮ್ಲೀಯವಾದುದು. ಅದು ಸಿಮೆಂಟು ನೆಲವನ್ನು ತಿನ್ನುತ್ತದೆ, ಕಬ್ಬಿಣದ ಕಂಬದ ಬುಡವನ್ನು ತಿನ್ನುತ್ತದೆ. ತಗಡಿನ ಛಾವಣಿ ತುಕ್ಕು ಹಿಡಿದು ಮಳೆನೀರು ಗೊಬ್ಬರದ ರಾಶಿಯ ಮೇಲೆ ಬಿದ್ದರೆ ಕೊಳೆಯುವ ಕ್ರಿಯೆಯೇ ಕೆಡುತ್ತದೆ. ರಾಶಿಗೆ ಗಾಳಿ ಸಿಗದಾಗ ದುರ್ವಾಸನೆ ಏಳುತ್ತದೆ. ದುರ್ವಾಸನೆ ಎದ್ದಾಗ ಪಕ್ಕದ ಮನೆಯವರು ದೂರು ಕೊಡುತ್ತಾರೆ. ದೂರು ಬಂದಾಗ ಅಧಿಕಾರಿಗೆ ಸುಲಭವಾಗಿ ಹೊಳೆಯುವ ಪರಿಹಾರ ಒಂದೇ: ಘಟಕವನ್ನು ಮುಚ್ಚುವುದು, ಕಸವನ್ನು ಲಾರಿಗೆ ತುಂಬಿಸಿ ದೂರದ ದೊಡ್ಡ ಘಟಕಕ್ಕೆ ಕಳುಹಿಸುವುದು. ಐವತ್ತು ತಗಡು, ಒಂದು ಚರಂಡಿ, ನಾಲ್ಕು ಲೋಡು ಸಿಮೆಂಟಿನಲ್ಲಿ ಮುಗಿಯಬಹುದಾಗಿದ್ದ ದುರಸ್ತಿ ಹೀಗೆ ಟೆಂಡರು, ಗುತ್ತಿಗೆ, ಭೂಸ್ವಾಧೀನಗಳ ಮಹಾಯೋಜನೆಯಾಗಿ ಮಾರ್ಪಡುತ್ತದೆ. ದುರಸ್ತಿಗೆ ಶಂಕುಸ್ಥಾಪನೆಯ ಕಲ್ಲು ನೆಡಲಾಗುವುದಿಲ್ಲ ಎಂಬುದೂ ಇದಕ್ಕೆ ಒಂದು ಕಾರಣವಿರಬಹುದು.

ಸಣ್ಣ ಘಟಕ ಏಕೆ ಉಳಿಯಬೇಕು ಎಂಬುದಕ್ಕೆ ಭಾವನೆಗಿಂತ ಲೆಕ್ಕವೇ ಬಲವಾದ ಸಮರ್ಥನೆ. ನಮ್ಮ ಮನೆಗಳ ಕಸದಲ್ಲಿ ಅರ್ಧಕ್ಕಿಂತ ಹೆಚ್ಚು ಹಸಿಕಸ. ಅದರ ತೂಕದ ಬಹುಪಾಲು ನೀರು. ಅದನ್ನು ಹದಿನೈದು ಕಿಲೋಮೀಟರ್ ಸಾಗಿಸುವುದೆಂದರೆ ಡೀಸೆಲ್ ಸುಟ್ಟು ಕೊಳಕು ನೀರನ್ನು ಊರಿಡೀ ಮೆರವಣಿಗೆ ಮಾಡಿಸುವುದು ಎಂದರ್ಥ. ಹಸಿಕಸ ಬಡಾವಣೆಯ ಬಳಿಯಲ್ಲೇ ಗೊಬ್ಬರವಾದರೆ ತೂಕ ಕುಗ್ಗುತ್ತದೆ, ಉಳಿದದ್ದು ಅಲ್ಲಿನ ಉದ್ಯಾನಕ್ಕೋ ಹತ್ತಿರದ ರೈತನ ಹೊಲಕ್ಕೋ ಹೋಗುತ್ತದೆ. ಒಣಕಸವನ್ನು ಒತ್ತಿ ಕಟ್ಟುಗಳನ್ನಾಗಿ ಮಾಡಿದರೆ ಹತ್ತು ಆಟೋಗಳ ಸರಕು ಒಂದು ಲಾರಿಯಲ್ಲಿ ಸಾಗುತ್ತದೆ. ಮರುಬಳಕೆಗೆ ಬಾರದ ಬಹುಪದರದ ಪ್ಲಾಸ್ಟಿಕ್ಕನ್ನು ಸಿಮೆಂಟ್ ಕಾರ್ಖಾನೆಗಳ ಕುಲುಮೆಗೆ ಕಳುಹಿಸುವ ವ್ಯವಸ್ಥೆಯಿದೆ. ಇವೆಲ್ಲ ಆದ ಬಳಿಕ ನಿಜವಾಗಿ ದೂರಕ್ಕೆ ಸಾಗಿಸಬೇಕಾದದ್ದು ಮೂಲ ಕಸದ ಸಣ್ಣ ಅಂಶ ಮಾತ್ರ. ಇಂದೋರು ಮೇಲೇರಿದ್ದು ಬೃಹತ್ ಯಂತ್ರಗಳಿಂದ ಎಂದು ಹೇಳಲಾಗುತ್ತದೆ. 2022ರಲ್ಲಿ ಅಲ್ಲಿ ಹಸಿಕಸದಿಂದ ಅನಿಲ ತೆಗೆಯುವ 550 ಟನ್ ಸಾಮರ್ಥ್ಯದ ಸ್ಥಾವರ ಉದ್ಘಾಟನೆಯಾದದ್ದು ನಿಜ. ಆದರೆ ಮನೆಯ ಬಾಗಿಲಲ್ಲೇ ಬೇರ್ಪಡಿಸಿದ ಕಸ, ನಗರದೊಳಗೆ ಹಲವೆಡೆ ಇರುವ ವರ್ಗಾವಣೆ ಕೇಂದ್ರಗಳ ಮೂಲಕ ಹಾದು ಬಾರದಿದ್ದರೆ ಆ ಸ್ಥಾವರಕ್ಕೆ ಉಣಿಸಲು ಏನಿರುತ್ತಿತ್ತು?

ಈ ವಿಷಯದಲ್ಲಿ ಯಾರೂ ಹೆಚ್ಚು ಚರ್ಚಿಸದ ಸಂಗತಿ ತೂಕದ ಲೆಕ್ಕ. ಕಸ ಸಾಗಾಟದ ಗುತ್ತಿಗೆಗಳನ್ನು ಸಾಮಾನ್ಯವಾಗಿ ಟನ್ನಿಗೆ ಇಂತಿಷ್ಟು ಎಂದು ನಿಗದಿಪಡಿಸಲಾಗುತ್ತದೆ. ಹಾಗಾದಾಗ ಗುತ್ತಿಗೆದಾರನ ಲಾಭ ಇರುವುದು ಕಸ ಹೆಚ್ಚಾಗುವುದರಲ್ಲಿ. ಮಳೆಯಲ್ಲಿ ನೆನೆದ ಕಸ ಅವನಿಗೆ ನಷ್ಟವಲ್ಲ, ಲಾಭ. ಅದರೊಳಗೆ ಕಲ್ಲುಮಣ್ಣು ಬೆರೆತರೆ ಇನ್ನೂ ಲಾಭ. ಜನರು ಮನೆಯಲ್ಲೇ ಗೊಬ್ಬರ ಮಾಡಿದರೆ, ಒಣಕಸವನ್ನು ಗುಜರಿಗೆ ಕೊಟ್ಟರೆ ಅವನ ಬಿಲ್ಲು ಇಳಿಯುತ್ತದೆ. ಅಂದರೆ ಒಂದು ಕೈಯಿಂದ ಕಸ ಕಡಿಮೆ ಮಾಡಿ ಎಂದು ಭಿತ್ತಿಪತ್ರ ಹಚ್ಚುವ ಆಡಳಿತ, ಇನ್ನೊಂದು ಕೈಯಿಂದ ಕಸ ಹೆಚ್ಚು ತಂದವನಿಗೆ ಹಣ ಎಣಿಸುತ್ತದೆ. ಘಟಕವನ್ನು ನವೀಕರಿಸುವುದೆಂದರೆ ಮೊದಲು ನವೀಕರಿಸಬೇಕಾದದ್ದು ಈ ಕರಾರನ್ನು. ಎಷ್ಟು ಹೊತ್ತೊಯ್ದಿರಿ ಎಂದು ಕೇಳುವ ಬದಲು, ಎಷ್ಟು ಉಳಿಸಿದಿರಿ, ಎಷ್ಟು ಗೊಬ್ಬರವಾಯಿತು, ಎಷ್ಟು ಮರುಬಳಕೆಗೆ ಹೋಯಿತು ಎಂದು ಕೇಳಿ ಹಣ ಪಾವತಿಸಬೇಕು. ಘಟಕದ ಬಾಗಿಲಲ್ಲಿ ವೇಬ್ರಿಜ್ ಇರಬೇಕು, ಒಳಬಂದ ಮತ್ತು ಹೊರಹೋದ ತೂಕವನ್ನು ಪ್ರತಿದಿನ ಎಲ್ಲರಿಗೂ ಕಾಣುವಂತೆ ಕನ್ನಡದಲ್ಲಿ ಫಲಕದ ಮೇಲೆ ಬರೆಯಬೇಕು. ಲಕ್ಷಾಂತರ ರೂಪಾಯಿಯ ಕನ್ವೇಯರ್ ಬೆಲ್ಟಿಗಿಂತ ಈ ಕರಿಹಲಗೆ ಹೆಚ್ಚು ಕೆಲಸ ಮಾಡೀತು.

ಈಗ ಬೋಗಾದಿಗೆ ಬರೋಣ. ಇಂಥ ಘಟಕವೊಂದು ಬೋಗಾದಿಯಲ್ಲಿ ಬೇಕು ಎಂದರೆ ಮೊದಲು ಕೇಳಿಬರುವ ಮಾತು ಜಾಗವಿಲ್ಲ ಎಂಬುದು. ನಿಜವಾಗಿ ಜಾಗವಿಲ್ಲವೇ? ಬಡಾವಣೆ ರಚಿಸುವಾಗ ನಾಗರಿಕ ಸೌಲಭ್ಯಕ್ಕೆಂದು ನಿವೇಶನಗಳನ್ನು ಕಾದಿರಿಸಬೇಕೆಂಬ ನಿಯಮವಿದೆ. ಸಿ.ಎ. ನಿವೇಶನ ಎಂದು ಜನ ಕರೆಯುವ ಈ ಜಾಗಗಳಿಗೆ ಶಾಲೆಗಳು, ಆಸ್ಪತ್ರೆಗಳು, ಸಂಘ ಸಂಸ್ಥೆಗಳು, ಸಮುದಾಯ ಭವನಗಳು ಅರ್ಜಿ ಹಾಕುತ್ತವೆ. ದೇವಸ್ಥಾನದವರು, ಮಸೀದಿಯವರು, ಚರ್ಚಿನವರು ಕೂಡ ಹಾಕುತ್ತಾರೆ. ಕಸ ವಿಂಗಡಿಸುವ ಷೆಡ್ಡಿಗೆ ಮಾತ್ರ ಅರ್ಜಿದಾರರಿಲ್ಲ. ಅದು ನಾಗರಿಕ ಸೌಲಭ್ಯವಲ್ಲವೇ? 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳೇ ದೊಡ್ಡ ವಸತಿ ಯೋಜನೆಗಳ ನಕ್ಷೆಯಲ್ಲಿ ಕಸ ವಿಂಗಡಣೆಗೂ ಸಂಸ್ಕರಣೆಗೂ ಜಾಗ ತೋರಿಸಬೇಕೆಂದು ಹೇಳಿದ್ದವು. ನಕ್ಷೆಗೆ ಮುದ್ರೆಯೊತ್ತಿದವರು ಆ ಜಾಗವನ್ನು ಹುಡುಕಿದ್ದಾರೆಯೇ? ಕೇಂದ್ರ ಸರಕಾರ 2026ರಲ್ಲಿ ತಂದಿರುವ ಹೊಸ ನಿಯಮಗಳು ಹಸಿ, ಒಣ, ಸ್ಯಾನಿಟರಿ ಮತ್ತು ವಿಶೇಷ ಎಚ್ಚರಿಕೆ ಬೇಡುವ ಕಸ ಎಂದು ನಾಲ್ಕು ಬಗೆಯ ವಿಂಗಡಣೆಯನ್ನು ಕಡ್ಡಾಯಗೊಳಿಸಿವೆ. ಮನೆಯಲ್ಲಿ ನಾಲ್ಕು ಬುಟ್ಟಿ ಇಟ್ಟ ಗೃಹಿಣಿಯ ಕಸವನ್ನು ಒಂದೇ ಗಾಡಿಗೆ ಸುರಿದು ಬೆರೆಸಿಬಿಟ್ಟರೆ ಆಕೆ ಎರಡನೆಯ ದಿನ ನಾಲ್ಕು ಬುಟ್ಟಿ ಇಡುವುದಿಲ್ಲ. ನಾಲ್ಕನ್ನೂ ನಾಲ್ಕಾಗಿಯೇ ಸ್ವೀಕರಿಸುವ ಸ್ಥಳ ಹತ್ತಿರದಲ್ಲಿದ್ದರೆ ಮಾತ್ರ ಕಾನೂನಿಗೆ ಅರ್ಥ ಬರುತ್ತದೆ.

ನಿವಾಸಿಗಳ ವಿರೋಧವನ್ನು ಸ್ವಾರ್ಥ ಎಂದು ತಳ್ಳಿಹಾಕುವುದೂ ತಪ್ಪಾಗುತ್ತದೆ. ಜೀವಮಾನದ ಉಳಿತಾಯ ಸುರಿದು ಮನೆ ಕಟ್ಟಿದ ನಿವೃತ್ತ ನೌಕರನೊಬ್ಬ ಪಕ್ಕದಲ್ಲಿ ಕಸದ ಘಟಕ ಬೇಡ ಎನ್ನುವುದು, ಅವನು ಕಂಡ ಘಟಕಗಳೆಲ್ಲ ಹಾಳಾಗಿದ್ದವು ಎಂಬ ಕಾರಣಕ್ಕೆ. ನೊಣ, ನಾಯಿ, ವಾಸನೆ, ರಾತ್ರಿಯಿಡೀ ಲಾರಿಯ ಸದ್ದು. ಬೋಗಾದಿಯ ಕೆರೆಗೆ ಚರಂಡಿ ನೀರು ಸೇರುವುದನ್ನು ಕಣ್ಣಾರೆ ಕಂಡವನಿಗೆ ಆಡಳಿತದ ಭರವಸೆಯ ಮೇಲೆ ನಂಬಿಕೆ ಹುಟ್ಟುವುದಾದರೂ ಹೇಗೆ? ಆದ್ದರಿಂದ ಆಡಳಿತ ಮೊದಲು ಕೊಡಬೇಕಾದದ್ದು ಪುರಾವೆ. ಹಳೆಯ ಘಟಕವೊಂದನ್ನು ಸರಿಪಡಿಸಿ, ಬಂದ ಹಸಿಕಸ ಅದೇ ದಿನ ರಾಶಿಗೆ ಸೇರುವಂತೆ, ಕಪ್ಪು ನೀರು ತೊಟ್ಟಿಗೆ ಹೋಗುವಂತೆ, ಕೆರೆಯ ಕಡೆಗೆ ಒಂದು ಹನಿಯೂ ಇಳಿಯದಂತೆ ಮಾಡಿ, ಬೋಗಾದಿಯ ಜನರನ್ನು ಬಸ್ಸಿನಲ್ಲಿ ಕರೆದೊಯ್ದು ತೋರಿಸಲಿ. ನೋಡಿದ ಮೇಲೂ ಬೇಡ ಎನ್ನುವವರನ್ನು ಒಂದು ಮಾತು ಕೇಳಬಹುದು: ಹಾಗಾದರೆ ನಿಮ್ಮ ಕಸವನ್ನು ಕೆಸರೆಯವರು ಏಕೆ ಇಟ್ಟುಕೊಳ್ಳಬೇಕು?

ಯಂತ್ರ, ಜಾಗ, ಕರಾರು ಇವೆಲ್ಲಕ್ಕಿಂತ ಮುಖ್ಯವಾದ ಸಂಗತಿಯೊಂದು ಯೋಜನಾ ವರದಿಗಳಲ್ಲಿ ಕೊನೆಯ ಪುಟಕ್ಕೆ ಸರಿದುಹೋಗುತ್ತದೆ. ಕಸ ಮುಟ್ಟುವವರು ಯಾರು? ಬೀದಿ ಗುಡಿಸುವ, ಕಸ ಎತ್ತುವ ಪೌರಕಾರ್ಮಿಕರಲ್ಲಿ ಬಹುಸಂಖ್ಯಾತರು ದಲಿತರು. ಪ್ರತಿ 700 ಮಂದಿಗೆ ಒಬ್ಬ ಪೌರಕಾರ್ಮಿಕ ಇರಬೇಕೆಂಬುದು ರಾಜ್ಯದ ಮಾನದಂಡ. ಬೆಳೆಯುತ್ತಲೇ ಇರುವ ಬೋಗಾದಿಯಂಥ ಊರುಗಳಲ್ಲಿ ಆ ಲೆಕ್ಕ ಸದಾ ಹಿಂದೆ ಬೀಳುತ್ತದೆ. ದೀರ್ಘ ಹೋರಾಟದ ಫಲವಾಗಿ 2022ರಲ್ಲಿ ರಾಜ್ಯ ಸರಕಾರ 11,133 ಪೌರಕಾರ್ಮಿಕರ ಸೇವೆಯನ್ನು ಕಾಯಂಗೊಳಿಸಲು ನಿರ್ಧರಿಸಿತು. ಸ್ವಾಗತಾರ್ಹ. ಆದರೆ ಕಸದ ಗಾಡಿಯ ಚಾಲಕರು, ಲೋಡರುಗಳು ಆ ನಿರ್ಧಾರದ ಹೊರಗೇ ಉಳಿದರು. ವಿಂಗಡಣಾ ಘಟಕದಲ್ಲಿ ಕೆಲಸ ಮಾಡುವ ಮಹಿಳೆಯರಂತೂ ಯಾವ ಪಟ್ಟಿಯಲ್ಲೂ ಕಾಣಿಸಿಕೊಳ್ಳುವುದು ಅಪರೂಪ. ಗಾಜಿನ ಚೂರು, ಸಿರಿಂಜು, ಬಳಸಿದ ಪ್ಯಾಡುಗಳ ನಡುವೆ ಎಂಟು ಗಂಟೆ ನಿಲ್ಲುವ ಆ ಮಹಿಳೆಗೆ ಬಟ್ಟೆ ಬದಲಿಸಲು ಕೋಣೆಯಿದೆಯೇ, ಕೈತೊಳೆಯಲು ಬಿಸಿನೀರಿದೆಯೇ, ಶೌಚಾಲಯವಿದೆಯೇ ಎಂದು ನೋಡದೆ ಘಟಕದ ಆಧುನೀಕರಣದ ಬಗ್ಗೆ ಮಾತಾಡುವುದು ಪೊಳ್ಳು.

ಇನ್ನು ಗುಜರಿಯವರು. ತಳ್ಳುಗಾಡಿಯಲ್ಲಿ ಕೂಗುತ್ತಾ ಓಣಿ ಓಣಿ ಸುತ್ತುವ, ಹಳೆ ಪೇಪರು, ಕಬ್ಬಿಣ, ಬಾಟಲಿ ಕೊಳ್ಳುವ ಈ ವರ್ಗದಲ್ಲಿ ನಮ್ಮ ಸಮುದಾಯದವರ ಸಂಖ್ಯೆ ಗಣನೀಯ. ಮುಸ್ಲಿಮರಲ್ಲಿ ಸ್ವಂತ ದುಡಿಮೆಯನ್ನೇ ನೆಚ್ಚಿಕೊಂಡವರ ಪ್ರಮಾಣ ಉಳಿದವರಿಗಿಂತ ಹೆಚ್ಚು ಎಂದು 2006ರ ಸಾಚಾರ್ ಸಮಿತಿಯ ವರದಿ ಬೊಟ್ಟು ಮಾಡಿತ್ತು. ಗುಜರಿ ಅದರ ಒಂದು ಮುಖ. ಸರಕಾರದ ಒಂದು ಪೈಸೆಯ ನೆರವಿಲ್ಲದೆ ನಗರದ ಒಣಕಸದ ಬೆಲೆಬಾಳುವ ಭಾಗವನ್ನು ಇವರೇ ಕಾರ್ಖಾನೆಗೆ ಮುಟ್ಟಿಸುತ್ತಾರೆ. ಇವರು ಒಂದು ತಿಂಗಳು ಕೈಚೆಲ್ಲಿ ಕುಳಿತರೆ ಪಾಲಿಕೆಯ ಲಾರಿಗಳು ಸಾಲದಾಗಿ ಹೋದಾವು. ಪ್ರತಿಯಾಗಿ ಇವರಿಗೆ ದೊರೆಯುವುದೇನು? ಎಲ್ಲಾದರೂ ಕಳವಾದರೆ ಮೊದಲು ಪೊಲೀಸರು ತಟ್ಟುವ ಬಾಗಿಲು ಇವರದು. ಕಿರಿದಾದ ಓಣಿಯಲ್ಲಿ ಗೋದಾಮು, ಅದಕ್ಕೆ ಪರವಾನಿಗೆಯ ಕಿರಿಕಿರಿ, ಬೆಂಕಿಯ ಭಯ. ಇವರ ಮಕ್ಕಳು ಶಾಲೆ ಬಿಟ್ಟು ಗಾಡಿ ತಳ್ಳುವುದಂತೂ ಸಮುದಾಯವೇ ಉತ್ತರಿಸಬೇಕಾದ ಪ್ರಶ್ನೆ.

2016ರ ನಿಯಮಗಳು ಕಸ ಆಯುವವರನ್ನೂ ಗುಜರಿಯವರನ್ನೂ ಗುರುತಿಸಿ ವ್ಯವಸ್ಥೆಯೊಳಗೆ ಸೇರಿಸಿಕೊಳ್ಳಬೇಕೆಂದು ಸ್ಥಳೀಯ ಸಂಸ್ಥೆಗಳಿಗೆ ಸ್ಪಷ್ಟವಾಗಿ ಹೇಳಿದ್ದವು. ಬೆಂಗಳೂರಿನಲ್ಲಿ 2011ರಿಂದಲೇ ಕಸ ಆಯುವವರಿಗೆ ಪಾಲಿಕೆಯ ಗುರುತಿನ ಚೀಟಿ ನೀಡುವ ಕಾರ್ಯ ಆರಂಭವಾಯಿತು. ಹಸಿರು ದಳದಂಥ ಸಂಘಟನೆಗಳ ಪ್ರಯತ್ನದಿಂದ ವಾರ್ಡುಗಳ ಒಣಕಸ ಸಂಗ್ರಹ ಕೇಂದ್ರಗಳ ಉಸ್ತುವಾರಿಯನ್ನು ಅವರಲ್ಲೇ ಕೆಲವರು ವಹಿಸಿಕೊಂಡರು. ನಿನ್ನೆ ಕಸದ ತೊಟ್ಟಿಯಲ್ಲಿ ಕೈಯಾಡಿಸುತ್ತಿದ್ದವಳು ಇಂದು ಕೇಂದ್ರವೊಂದರ ಲೆಕ್ಕಪುಸ್ತಕ ಬರೆಯುತ್ತಾಳೆ. ಪುಣೆಯಲ್ಲಿ ಕಸ ಆಯುವವರ ಸಹಕಾರ ಸಂಘವೇ 2008ರಿಂದ ಪಾಲಿಕೆಯೊಂದಿಗೆ ಒಪ್ಪಂದ ಮಾಡಿಕೊಂಡು ಮನೆಮನೆಯ ಕಸ ಸಂಗ್ರಹಿಸುತ್ತಿದೆ.

ಇದಕ್ಕೆ ವಿರುದ್ಧವಾದ ದಾರಿ ಹಿಡಿದರೆ ಏನಾಗುತ್ತದೆಂದು ಈಜಿಪ್ಟ್ ತೋರಿಸಿಕೊಟ್ಟಿದೆ. ಕೈರೋ ನಗರದ ಕಸವನ್ನು ತಲೆತಲಾಂತರದಿಂದ ಎತ್ತುತ್ತಿದ್ದವರು ಝಬ್ಬಾಲೀನರು. ಹೆಚ್ಚಿನವರು ಕಾಪ್ಟಿಕ್ ಕ್ರೈಸ್ತರು, ಆ ದೇಶದ ಅಲ್ಪಸಂಖ್ಯಾತರು. ತಾವು ಸಂಗ್ರಹಿಸಿದ ಕಸದಲ್ಲಿ ಸುಮಾರು ಶೇ. 80ರಷ್ಟನ್ನು ಅವರು ಮರುಬಳಕೆಗೆ ತರುತ್ತಿದ್ದರು. ಯುರೋಪಿನ ಬೃಹತ್ ಕಂಪೆನಿಗಳೂ ಆ ಮಟ್ಟವನ್ನು ಮುಟ್ಟಿರಲಿಲ್ಲ. 2003ರ ಸುಮಾರಿಗೆ ಅಲ್ಲಿನ ಸರಕಾರ ಅವರನ್ನು ಬದಿಗೆ ಸರಿಸಿ ವಿದೇಶಿ ಕಂಪೆನಿಗಳಿಗೆ ಗುತ್ತಿಗೆ ನೀಡಿತು. ಕಂಪೆನಿಗಳ ದೊಡ್ಡ ಲಾರಿಗಳು ಕೈರೋದ ಸಣ್ಣ ಓಣಿಗಳಿಗೆ ಹೋಗಲಾಗಲಿಲ್ಲ. ಮನೆಬಾಗಿಲಿನಿಂದ ಕಸ ಎತ್ತಿಸಿಕೊಂಡು ಅಭ್ಯಾಸವಿದ್ದ ಜನ ಬೀದಿಯ ತೊಟ್ಟಿಗೆ ಕಸ ತಂದು ಹಾಕಲಿಲ್ಲ. 2009ರಲ್ಲಿ ಹಂದಿಜ್ವರದ ಭೀತಿಯ ಹೆಸರಿನಲ್ಲಿ ಝಬ್ಬಾಲೀನರ ಹಂದಿಗಳನ್ನೂ ಕೊಲ್ಲಿಸಲಾಯಿತು. ಎಂಜಲು ತಿನ್ನುತ್ತಿದ್ದ ಪ್ರಾಣಿಗಳೇ ಇಲ್ಲವಾದಾಗ ಹಸಿಕಸ ಬೀದಿಯಲ್ಲಿ ಕೊಳೆಯತೊಡಗಿತು. ಬಳಿಕ ಸರಕಾರ ಮತ್ತೆ ಅದೇ ಝಬ್ಬಾಲೀನರ ಕಡೆಗೆ ತಿರುಗಬೇಕಾಯಿತು. ಬಹುಸಂಖ್ಯಾತರ ಸರಕಾರವೊಂದು ಅಲ್ಪಸಂಖ್ಯಾತರ ಕುಶಲತೆಯನ್ನು ಹೊಲಸೆಂದು ಬಗೆದದ್ದರ ಫಲ ಇದು. ಆ ಬಹುಸಂಖ್ಯಾತರು ಮುಸ್ಲಿಮರೇ ಆಗಿದ್ದರು ಎಂಬುದನ್ನು ಮುಚ್ಚಿಡಬೇಕಾಗಿಲ್ಲ.

ಅಂದಹಾಗೆ, ಅನ್ಯಾಯದ ಬಗ್ಗೆ ಮಾತಾಡುವಾಗ ನಮ್ಮ ಅಂಗಳವನ್ನೂ ನೋಡಿಕೊಳ್ಳೋಣ. ಮದುವೆಯ ಮರುದಿನ ಶಾದಿ ಮಹಲ್‌ಗಳ ಹಿಂಬದಿಯಲ್ಲಿ ಬಿದ್ದಿರುವ ಅರ್ಧ ಕುಡಿದ ನೀರಿನ ಬಾಟಲಿಗಳ, ಮುಟ್ಟದ ಬಿರಿಯಾನಿಯ ರಾಶಿಯನ್ನು ಯಾರು ಎತ್ತುತ್ತಾರೆ? ದುಂದುವೆಚ್ಚ ಸೈತಾನನ ಕೆಲಸವೆಂದು ಜುಮಾ ಪ್ರವಚನದಲ್ಲಿ ಕೇಳಿ ತಲೆದೂಗಿದವರೇ ಅಲ್ಲಿ ಉಂಡೆದ್ದು ಹೋಗಿರುತ್ತಾರೆ. ಬಕ್ರೀದ್‌ನ ದಿನಗಳಲ್ಲಿ ಪ್ರಾಣಿತ್ಯಾಜ್ಯವನ್ನು ಪ್ರತ್ಯೇಕವಾಗಿ ಒಪ್ಪಿಸುವ ಶಿಸ್ತನ್ನು ಅನೇಕ ಮೊಹಲ್ಲಾಗಳ ಯುವಕರು ರೂಢಿಸಿಕೊಂಡಿದ್ದಾರೆ. ಅದು ಇನ್ನೂ ಎಲ್ಲ ಕಡೆ ಬಂದಿಲ್ಲ. ದಾರಿಯ ಅಡಚಣೆಯನ್ನು ಸರಿಸುವುದೂ ವಿಶ್ವಾಸದ ಭಾಗವೆಂದು ಕಲಿಸಿದ ಪ್ರವಾದಿಯ ಅನುಯಾಯಿಗಳ ಬೀದಿ, ಊರಿನ ಉಳಿದ ಬೀದಿಗಳಿಗಿಂತ ಶುಚಿಯಾಗಿರಬೇಕಿತ್ತು. ಹಾಗಿಲ್ಲ ಎಂಬುದನ್ನು ಒಪ್ಪಿಕೊಂಡೇ ಮುಂದಿನ ಮಾತಾಡಬೇಕು.

ಹಳ್ಳಿಗಳೂ ಈ ವಿಷಯದಲ್ಲಿ ನಗರಕ್ಕೆ ಪಾಠ ಹೇಳುವ ಸ್ಥಿತಿಯಲ್ಲಿವೆ. ಉಡುಪಿ ಜಿಲ್ಲೆಯ ನಿಟ್ಟೆಯಲ್ಲಿ ಸುತ್ತಲಿನ ಹತ್ತಾರು ಗ್ರಾಮ ಪಂಚಾಯಿತಿಗಳ ಒಣಕಸವನ್ನು ವಿಂಗಡಿಸುವ, ದಿನಕ್ಕೆ 10 ಟನ್ ಸಾಮರ್ಥ್ಯದ ಕೇಂದ್ರವೊಂದು ಕೆಲಸ ಮಾಡುತ್ತಿದೆ. ಪಂಚಾಯಿತಿಗಳು ಒಟ್ಟುಗೂಡಿ ನಡೆಸಬಲ್ಲದ್ದನ್ನು ಮೈಸೂರಿನ ಸೆರಗಿನಲ್ಲಿರುವ ಒಂದು ನಗರಸಭೆಯೂ ನಾಲ್ಕು ಪಟ್ಟಣ ಪಂಚಾಯಿತಿಗಳೂ ನಡೆಸಲಾರವೆಂದರೆ ನಂಬುವುದು ಹೇಗೆ?

ಬೃಹತ್ ಮೈಸೂರಿನ ಹೆಸರಿನಲ್ಲಿ ಎಲ್ಲರ ಕಸವನ್ನೂ ಒಂದೇ ಗುತ್ತಿಗೆಯಡಿ ತಂದು, ದೊಡ್ಡ ಲಾರಿಗಳಲ್ಲಿ ಒಂದೆರಡು ಕಡೆಗೆ ಸಾಗಿಸುವ ಆಲೋಚನೆ ಯಾರದಾದರೂ ತಲೆಯಲ್ಲಿದ್ದರೆ ಅದನ್ನು ಈಗಲೇ ಕೈಬಿಡಬೇಕು. ಗಡಿಗಳನ್ನು ಗುರುತಿಸುವಾಗಲೇ ಪ್ರತಿ ವಲಯದ ಕಸಕ್ಕೂ ಆಯಾ ವಲಯದಲ್ಲೇ ಜಾಗ ಗುರುತಿಸಬೇಕು. ಬೋಗಾದಿಗೂ ಅದರಿಂದ ವಿನಾಯಿತಿ ಬೇಡ. ಈಗಿರುವ ಶೂನ್ಯ ತ್ಯಾಜ್ಯ ಘಟಕಗಳ ನೆಲ, ಛಾವಣಿ, ಚರಂಡಿಗಳ ದುರಸ್ತಿಗೆ ಹೊಸ ಸ್ಥಾವರಗಳಿಗಿಂತ ಮೊದಲೇ ಹಣ ಒದಗಿಸಬೇಕು. ಯಂತ್ರಗಳ ಟೆಂಡರು ಕರೆಯುವ ಮುನ್ನ ಮಾಡಬೇಕಾದ ಒಂದು ಕೆಲಸವಿದೆ: ಬೋಗಾದಿ, ಹಿನಕಲ್, ದಟ್ಟಗಳ್ಳಿಗಳ ಸುತ್ತ ತಳ್ಳುಗಾಡಿಯಲ್ಲಿ ಸುತ್ತುವ ಗುಜರಿಯವರನ್ನು, ಕಸ ಆಯುವ ಹೆಣ್ಣುಮಕ್ಕಳನ್ನು, ಗಾಡಿಯ ಲೋಡರುಗಳನ್ನು ಕರೆದು ಅವರ ಹೆಸರು ಬರೆದುಕೊಳ್ಳುವುದು. ಘಟಕದ ನಕ್ಷೆಯನ್ನು ಅವರ ಮುಂದಿಟ್ಟು ವಿಂಗಡಣೆಯ ಕಟ್ಟೆ ಎಷ್ಟು ಎತ್ತರವಿರಬೇಕು, ಗಾಳಿ ಯಾವ ಕಡೆಯಿಂದ ಬರುತ್ತದೆ, ನೀರಿನ ನಲ್ಲಿ ಎಲ್ಲಿರಬೇಕು ಎಂದು ಕೇಳುವುದು. ದಿನವಿಡೀ ಆ ಕಟ್ಟೆಯ ಮುಂದೆ ಬಗ್ಗಿ ನಿಲ್ಲುವವರು ಅವರೇ.